ಅಳತೆ ಸರಿ ಉಂಟಾ?

ನಮ್ಮ ಮನೆಯ ಹಟ್ಟಿಯಲ್ಲಿ ಈಗ ದನಗಳಿಲ್ಲ. ಕೊನೆಯ ದನ ಅತ್ತೆಯ ಕಾಲಕ್ಕೇ ಹೋಯಿತು. ಆಮೇಲೆ ಕೆಲವು ವರ್ಷ ಅಲ್ಲಿ ತೆಂಗಿನಕಾಯಿ, ಮಡಲು, ಮುರಿದ ಕೊಡೆ, ಮಕ್ಕಳ ಹಳೆಯ ಪಠ್ಯಪುಸ್ತಕ ಎಲ್ಲ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಮಕ್ಕಳಿಬ್ಬರೂ ಊರು ಬಿಟ್ಟ ಮೇಲೆ ಒಂದು ಮಳೆಗಾಲದಲ್ಲಿ ನಾನೇ ಅದನ್ನೆಲ್ಲ ಹೊರಗೆ ಹಾಕಿ, ನೆಲ ತೊಳೆದು, ಗೋದಲಿಯ ಮೇಲೊಂದು ಹಲಗೆ ಹಾಸಿ, ಅಪ್ಪನ ಸೈಕಲ್ ಅಂಗಡಿಯಿಂದ ನನ್ನ ಪಾಲಿಗೆ ಬಂದ ಸಾಮಾನನ್ನು ಅಲ್ಲಿ ಜೋಡಿಸಿದೆ. ಅಣ್ಣಂದಿರಿಗೆ ಜಾಗ ಬಂತು, ನನಗೆ ಸ್ಪ್ಯಾನರ್ ಬಂತು. ದೂರು ಹೇಳುತ್ತಿಲ್ಲ. ಸಣ್ಣವಳಿದ್ದಾಗ ಶಾಲೆ ಬಿಟ್ಟ ಮೇಲೆ ಅಪ್ಪನ ಅಂಗಡಿಯಲ್ಲಿ ಕೂತು ಬಾಲ್ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದವಳು ನಾನೊಬ್ಬಳೇ.

ಮೊದಮೊದಲು ನಮ್ಮ ಮನೆಯ ಕುಕ್ಕರಿನ ಹಿಡಿ, ಹೊಲಿಗೆ ಯಂತ್ರದ ಪಟ್ಟಿ, ಸೋರುವ ನಲ್ಲಿ ಇಷ್ಟೇ. ಮೆಲ್ಲಗೆ ನೆರೆಕರೆಯವರ ಮಿಕ್ಸಿಗಳೂ ಬರತೊಡಗಿದವು. ದುಡ್ಡಿನ ಮಾತು ಇಲ್ಲ. ಒಬ್ಬಳು ನಾಲ್ಕು ಮಟ್ಟುಗುಳ್ಳ ತಂದಿಟ್ಟು ಹೋಗುತ್ತಾಳೆ, ಇನ್ನೊಬ್ಬಳು ಬಸಳೆಯ ಕಟ್ಟು. ನಮ್ಮವರು ಇದಕ್ಕೆ ‘ವರ್ಕ್‌ಶಾಪ್’ ಎಂದು ಹೆಸರಿಟ್ಟರು. ಹೆಸರಿಟ್ಟದ್ದು ತಮಾಷೆಗೆ, ಆದರೆ ಫೋನಿನಲ್ಲಿ ಯಾರಾದರೂ ನನ್ನನ್ನು ಕೇಳಿದರೆ “ಅವಳು ವರ್ಕ್‌ಶಾಪಿನಲ್ಲಿದ್ದಾಳೆ” ಎಂದು ಗಂಭೀರವಾಗಿಯೇ ಹೇಳುವುದನ್ನು ಕೇಳಿದ್ದೇನೆ.

ಈ ವರ್ಕ್‌ಶಾಪಿನಲ್ಲಿ ವೈಸ್ ಇತ್ತು, ಅರ ಇತ್ತು, ಕೈಯಿಂದ ತಿರುಗಿಸುವ ಡ್ರಿಲ್ ಇತ್ತು. ಅಳತೆಗೆ ಇದ್ದದ್ದು ಮಾತ್ರ ಮಗಳ ಕಂಪಾಸ್ ಪೆಟ್ಟಿಗೆಯ 15 ಸೆಂಟಿಮೀಟರ್ ಪಟ್ಟಿ, ಮತ್ತೆ ರವಿಕೆ ಹೊಲಿಯುವ ಟೇಪು. ಅದು ಸಾಲದು ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಅನಿಸಬೇಕಿತ್ತು.

ಮೂರು ವರ್ಷದ ಹಿಂದಿನ ಅಷ್ಟಮಿಯ ಹೊತ್ತು. ನಮ್ಮ ಓಣಿಯ ತುದಿಯಲ್ಲಿ ಇಡ್ಲಿ-ದೋಸೆಯ ಹಿಟ್ಟು ರುಬ್ಬಿ ಮಾರುವ ಒಬ್ಬಳಿದ್ದಾಳೆ. ಎಲ್ಲರೂ ಹಿಟ್ಟಿನಕ್ಕ ಎನ್ನುತ್ತೇವೆ. ಗಂಡ ಇಲ್ಲ, ಮಗಳು ಕಾಲೇಜಿಗೆ ಹೋಗುತ್ತಾಳೆ, ಆ ಗ್ರೈಂಡರೇ ಮನೆಯ ಯಜಮಾನ. ಮಾವನ ಕಾಲದ ದೊಡ್ಡ ಕಲ್ಲಿನ ಗ್ರೈಂಡರ್ ಅದು. ಅವರು ಪೇಟೆಯಲ್ಲಿ ಸಣ್ಣ ಹೋಟೆಲು ಇಟ್ಟಿದ್ದಾಗಿನದು. ಪಕ್ಕದಲ್ಲಿ ಮೋಟಾರು, ಎರಡಕ್ಕೂ ನಡುವೆ ಬೆಲ್ಟು. ಮೋಟಾರಿನ ತುದಿಯಲ್ಲಿ ಬೆಲ್ಟು ಕೂರುವ ಚಕ್ರ, ಅಂದರೆ ಪುಲ್ಲಿ, ಬಿರುಕು ಬಿಟ್ಟಿತ್ತು. ಅಷ್ಟಮಿಗೆ ಇನ್ನು ಹತ್ತು ದಿನ. ಅಷ್ಟಮಿಯೆಂದರೆ ನಮ್ಮ ಕಡೆ ಮೂಡೆ, ಕೊಟ್ಟೆ ಕಡುಬು. ಈಗ ಮನೆಯಲ್ಲಿ ಮುಂಡೇವಿನ ಎಲೆ ಸುತ್ತುವವರು ಕಡಿಮೆ. ಎಲೆ ಪೇಟೆಯಿಂದ, ಹಿಟ್ಟು ಹಿಟ್ಟಿನಕ್ಕನಿಂದ. ವರ್ಷದ ದೊಡ್ಡ ಸಂಪಾದನೆ ಅವಳಿಗೆ ಆ ಎರಡು ದಿನದ್ದು.

ಪುಲ್ಲಿ ಬಿಚ್ಚಿದೆ. ಕೈಗೆ ಬರುವಾಗಲೇ ಎರಡು ಹೋಳಾಯಿತು. ಹಾಗಾಗಿ ಅದರ ತೂತಿನ ಅಳತೆ ಸಿಗುವಂತಿರಲಿಲ್ಲ. ಶಾಫ್ಟಿನ ಮೇಲೆ ಮಗಳ ಪಟ್ಟಿ ಇಟ್ಟು ನೋಡಿದೆ. 16 ಮಿಲಿಮೀಟರ್. ಸರಿಯಾಗಿ 16 ಅಲ್ಲ, ಗೆರೆಗಿಂತ ಕೂದಲೆಳೆಯಷ್ಟು ಈಚೆಗೆ ಇದ್ದ ಹಾಗೆ. ನೋಡುವ ಕೋನ ಬದಲಿಸಿದೆ, ಸರಿಯಾಗಿ 16 ಆಯಿತು! ಹೀಗೆ ಕೋನ ಬದಲಿಸಿ ಬೇಕಾದ ಉತ್ತರ ತರಿಸಿಕೊಳ್ಳುವುದು ನಮಗೆಲ್ಲ ಅಭ್ಯಾಸವಾದ ವಿದ್ಯೆ.

ಹೆದ್ದಾರಿ ಬದಿಯ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿ ನನ್ನಂಥವಳು ಕಾಲಿಟ್ಟರೆ ಏನಾಗುತ್ತದೆಂದು ನಿಮಗೆ ಗೊತ್ತು. ನಾಲ್ಕು ಗಂಡಸರು ಮಾತು ನಿಲ್ಲಿಸುತ್ತಾರೆ, ಒಬ್ಬ ಹುಡುಗ ಸ್ಟೂಲ್ ಒರೆಸುತ್ತಾನೆ, ಎಲ್ಲರೂ ನನ್ನ ಹಿಂದೆ ಗಂಡನೋ ಮಗನೋ ಬರುತ್ತಾನೆಂದು ಬಾಗಿಲ ಕಡೆ ನೋಡುತ್ತಾರೆ. ಯಾರೂ ಬರುವುದಿಲ್ಲ. ಲೇತಿನವರು ಮರ್ಯಾದೆಯ ಮನುಷ್ಯ. ಒಡೆದ ಪುಲ್ಲಿಯನ್ನು ತಿರುಗಿಸಿ ನೋಡಿ ಕೇಳಿದರು, “ಶಾಫ್ಟ್ ತರಲಿಲ್ಲವಾ ಅಕ್ಕ? ಅಳತೆ ಸರಿ ಉಂಟಾ?”

“ಹದಿನಾರು,” ಎಂದೆ. “ಹದಿನಾರೆಂದರೆ ಹದಿನಾರೇ.”

ಆ ಕೊನೆಯ ಮಾತು ಯಾಕೆ ಸೇರಿಸಿದೆ? ಅದರ ಬಗ್ಗೆ ಆಮೇಲೆ ಎಷ್ಟೋ ರಾತ್ರಿ ಯೋಚಿಸಿದ್ದೇನೆ. “ಸುಮಾರು ಹದಿನಾರು, ಖಾತ್ರಿಯಿಲ್ಲ” ಎಂದಿದ್ದರೆ ಆ ಸ್ಟೂಲು ಒರೆಸಿದ ಹುಡುಗ ನಗುತ್ತಿದ್ದ. ನಗದಿದ್ದರೂ ನಕ್ಕ ಹಾಗೆ ನನಗೆ ಕಾಣುತ್ತಿತ್ತು. ಹೆಂಗಸು ಅನುಮಾನದಿಂದ ಮಾತಾಡಿದರೆ ಅವಳಿಗೆ ಗೊತ್ತಿಲ್ಲ ಎಂದು ಅರ್ಥ. ಗಂಡಸು ಅನುಮಾನದಿಂದ ಮಾತಾಡಿದರೆ ಅವನು ವಿಚಾರ ಮಾಡುತ್ತಿದ್ದಾನೆ ಎಂದು ಅರ್ಥ. ಇದು ನಾನು ಮಾಡಿದ ಲೋಕವಲ್ಲ, ಆದರೆ ಆ ದಿನ ಅದಕ್ಕೆ ತಕ್ಕ ಹಾಗೆ ನಡೆದುಕೊಂಡೆ.

ಹೊಸ ಪುಲ್ಲಿ ಬಂತು. ಶಾಫ್ಟಿಗೆ ಹಿಡಿದರೆ ಬೆಣ್ಣೆಯ ಹಾಗೆ ಒಳಗೆ ಹೋಯಿತು. ನನಗೆ ಖುಷಿಯೋ ಖುಷಿ. ಸಲೀಸಾಗಿ ಹೋಗುವುದೇ ತಪ್ಪು ಎಂದು ಆಗ ಗೊತ್ತಿರಲಿಲ್ಲ. ಅದನ್ನು ಹಿಡಿದು ನಿಲ್ಲಿಸುವ ಸಣ್ಣ ಸ್ಕ್ರೂ ಬಿಗಿ ಮಾಡಿದೆ. ಒಂಬತ್ತು ದಿನ ತಿರುಗಿತು. ಹತ್ತನೆಯ ದಿನ, ಅಷ್ಟಮಿಯ ಮುಂಚಿನ ರಾತ್ರಿ ಹತ್ತೂವರೆಗೆ ಹಿಟ್ಟಿನಕ್ಕನ ಮಗಳು ಓಡಿ ಬಂದಳು. ಹೋಗಿ ನೋಡಿದರೆ ಸ್ಕ್ರೂ ಸಡಿಲಾಗಿ, ಪುಲ್ಲಿ ಒಲೆದಾಡಿ ಶಾಫ್ಟನ್ನು ಕೆರೆದು, ಬೆಲ್ಟು ಗೋಡೆಯ ಬುಡಕ್ಕೆ ಹಾರಿತ್ತು. ಕಲ್ಲಿನಲ್ಲಿ ಅರ್ಧ ರುಬ್ಬಿದ ಅಕ್ಕಿ. ಪಾತ್ರೆಗಳಲ್ಲಿ ನೆನೆದ ಅಕ್ಕಿ ಹದಿನೈದು ಸೇರು ಬಾಕಿ. ನಾಲ್ಕು ಮನೆಯ ಸಣ್ಣ ಗ್ರೈಂಡರುಗಳನ್ನು ಒಟ್ಟು ಮಾಡಿ ಎರಡೂವರೆ ಗಂಟೆಯ ತನಕ ರುಬ್ಬಿದೆವು. ಆದರೂ ಕೆಲವು ಮನೆಗಳಿಗೆ ಹಿಟ್ಟು ತಡವಾಗಿ ಹೋಯಿತು, ಒಬ್ಬರು ಬೇಡವೆಂದು ವಾಪಸು ಕಳಿಸಿದರು.

ಹಿಟ್ಟಿನಕ್ಕ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಆ ಮೌನಕ್ಕೆ ನಾನೇ ಉತ್ತರ ಕೊಟ್ಟೆ, “ಲೇತಿನವರು ಅಳತೆ ತಪ್ಪಿಸಿದ್ದಾರೆ ಮಾರಾಯ್ತಿ. ನಾನು ಸರಿಯಾಗಿಯೇ ಹೇಳಿದ್ದೆ.” ಯೋಚಿಸಿ ಹೇಳಿದ್ದಲ್ಲ. ಬಾಯಿಯಿಂದ ಬಂತು. ಅವಳು ಅದನ್ನು ತನ್ನ ತಮ್ಮನಿಗೆ ಹೇಳಿದಳು. ಮಲ್ಪೆಯಲ್ಲಿ ಬೋಟಿನಲ್ಲಿ ಪಾಲು ಇರುವವನು ಅವನು. ಬೋಟಿನ ಸಣ್ಣಪುಟ್ಟ ಲೇತ್ ಕೆಲಸಗಳನ್ನು ಅಷ್ಟರ ತನಕ ಆ ಅಂಗಡಿಯಲ್ಲೇ ಮಾಡಿಸುತ್ತಿದ್ದ. ಅಲ್ಲಿಂದ ನಿಲ್ಲಿಸಿದ.

ನಾನು ಕ್ಯಾಲಿಪರ್ ತೆಗೆದುಕೊಳ್ಳಲು ಹೊರಟದ್ದು ಹೀಗೆ. ಒಳ್ಳೆಯ ಉದ್ದೇಶದಿಂದಲ್ಲ. ಲೇತಿನವರ ತಪ್ಪನ್ನು ಅಂಕಿಯಲ್ಲಿ ಹಿಡಿದು ಅವರ ಮುಂದೆ ಇಡಬೇಕೆಂದು.

ಕ್ಯಾಲಿಪರ್ ಎಂದರೆ ನಿಮ್ಮಲ್ಲಿ ವಿಜ್ಞಾನ ಓದಿದವರಿಗೆ ಪಿಯುಸಿಯ ಲ್ಯಾಬು ನೆನಪಾಗಬಹುದು. ಮೊದಲ ವರ್ಷದ ಮೊದಲ ಪ್ರಯೋಗವೇ ಅದು. ಒಂದು ಗುಂಡನ್ನೋ ಸಿಲಿಂಡರನ್ನೋ ಹಿಡಿದು ‘ಲೀಸ್ಟ್ ಕೌಂಟ್’ ಬರೆದು, ಪಕ್ಕದವಳ ಉತ್ತರ ನೋಡಿ ನಮ್ಮದನ್ನು ತಿದ್ದಿ, ಹತ್ತಕ್ಕೆ ಒಂಬತ್ತು ಅಂಕ. ಅದು ಕೆಲಸ ಮಾಡುವ ರೀತಿ ನನಗೆ ತಿಳಿದದ್ದು ಈ ವಯಸ್ಸಿನಲ್ಲಿ. ಎರಡು ಚೌಕಳಿ ಸೀರೆಗಳನ್ನು ಒಂದರ ಪಕ್ಕ ಒಂದು ಹಾಸಿ, ಒಂದರ ಚೌಕ ಇನ್ನೊಂದಕ್ಕಿಂತ ಚೂರೇ ಚೂರು ಸಣ್ಣದು ಎಂದಿಟ್ಟುಕೊಳ್ಳಿ. ಎಲ್ಲ ಗೆರೆಗಳೂ ತಪ್ಪುತ್ತವೆ, ಎಲ್ಲೋ ಒಂದು ಕಡೆ ಮಾತ್ರ ಎರಡು ಗೆರೆ ನೇರ ಕೂಡುತ್ತವೆ. ಮೇಲಿನ ಪಟ್ಟಿಯ ಒಂಬತ್ತು ಮಿಲಿಮೀಟರನ್ನು ಕೆಳಗಿನ ಪಟ್ಟಿಯಲ್ಲಿ ಹತ್ತು ಪಾಲು ಮಾಡಿದರೆ, ಯಾವ ಗೆರೆ ಕೂಡಿತೆಂದು ನೋಡಿ ಮಿಲಿಮೀಟರಿನ ಹತ್ತನೇ ಒಂದು ಪಾಲನ್ನು ಬರಿಗಣ್ಣಿನಲ್ಲಿ ಓದಬಹುದು. ಪಿಯರ್ ವರ್ನಿಯರ್ ಎಂಬವನು ಇದನ್ನು 1631ರಲ್ಲಿ ಪುಸ್ತಕ ಬರೆದು ತಿಳಿಸಿದ. ಕಣ್ಣಿಗೆ ಕಾಣದ್ದನ್ನು ಕಣ್ಣಿನಿಂದಲೇ ಹಿಡಿಯುವ ಉಪಾಯ. ಇಂಥ ಚೆಂದದ ವಿಷಯವನ್ನು ನಾವು ಒಂಬತ್ತು ಅಂಕಕ್ಕೆ ಮಾರಿದೆವು.

ಉಡುಪಿಯ ಅಂಗಡಿಯವರು “ಯಾರಿಗಮ್ಮ, ಮಗನಿಗಾ?” ಎಂದರು. ನನಗೆ ಎಂದೆ. ನಾಲ್ಕನ್ನು ಮುಂದಿಟ್ಟರು. ಮೊದಲನೆಯದು ಪ್ಲಾಸ್ಟಿಕ್ಕಿನದು, ಅಂಕಿ ತೋರಿಸುವಂಥದು, ಮುನ್ನೂರೈವತ್ತರ ಹತ್ತಿರ. ಪೆನ್ನನ್ನು ಅದರ ದವಡೆಯಲ್ಲಿ ಮೂರು ಸಲ ಹಿಡಿದೆ, ಮೂರು ಉತ್ತರ ಬಂತು. ಸ್ವಲ್ಪ ಒತ್ತಿದರೆ ದವಡೆಯೇ ಬಾಗುತ್ತದೆ. ಎದುರಿನವರ ಒತ್ತಾಯಕ್ಕೆ ತಕ್ಕ ಹಾಗೆ ಮಾತು ಬದಲಿಸುವವರ ಜಾತಿ. ಎರಡನೆಯದು ಉಕ್ಕಿನ ವರ್ನಿಯರ್, ನಮ್ಮ ದೇಶದ್ದೇ, ಎಂಟುನೂರರ ಆಸುಪಾಸು. ಬ್ಯಾಟರಿ ಬೇಡ, ಕೆಡುವಂಥದ್ದು ಏನೂ ಇಲ್ಲ, ನ್ಯಾಯವಾಗಿ ಅದನ್ನೇ ತರಬೇಕಿತ್ತು. ಆದರೆ ಕನ್ನಡಕ ಹಾಕಿಯೂ ಆ ಗೆರೆಗಳು ನನಗೆ ಒಂದರೊಳಗೊಂದು ಕರಗಿದವು. ಮೂರನೆಯದು ಉಕ್ಕಿನದೇ, ಅಂಕಿ ತೋರಿಸುವುದು, ಸಾವಿರದ ನೂರೈವತ್ತು. ನಾಲ್ಕನೆಯದು ಜಪಾನಿನ ಮಿತುತೊಯೊ. ಅದನ್ನು ಅವರು ಬೇರೆ ಕಪಾಟಿನಿಂದ, ಕೈ ಒರೆಸಿಕೊಂಡು ತೆಗೆದರು. ಆರು ಸಾವಿರದ ಮೇಲೆ. ಸರಿಸಿ ನೋಡಿದೆ. ಹೇಗೆ ಹೇಳಲಿ, ಹಳೆಯ ವೀಣೆಯ ಮೇಲೆ ಬೆರಳು ಜಾರಿದ ಹಾಗೆ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ “ತೆಗೆದುಕೊಳ್ಳುವುದಾದರೆ ಅದನ್ನೇ ತಗೊಳ್ಳಿ ಚಿಕ್ಕಮ್ಮ, ಉಳಿದದ್ದೆಲ್ಲ ಆಟದ ಸಾಮಾನು” ಎಂದಿದ್ದ. ಅವನಿಗೇನು, ಸಾಲದ ಕಂತು ಇನ್ನೂ ಶುರುವಾಗಿಲ್ಲ.

ಆರು ಸಾವಿರ ನನ್ನಲ್ಲಿ ಇರಲಿಲ್ಲವೆಂದಲ್ಲ. ಅದಕ್ಕಿಂತ ಹೆಚ್ಚಿನ ಸೀರೆಯನ್ನು ಅರ್ಧ ಗಂಟೆಯಲ್ಲಿ ಆರಿಸಿದವಳು ನಾನು. ಬಳೆಯ ತೂಕದಲ್ಲಿ ಅರ್ಧ ಗ್ರಾಂ ಹೆಚ್ಚಾದರೂ “ಇರಲಿ” ಅಂದವಳು. ಆದರೆ ಹಟ್ಟಿಯಲ್ಲಿ ಮಿಕ್ಸಿ ಬಿಚ್ಚುವವಳಿಗೆ ಆರು ಸಾವಿರದ ಅಳತೆಗೋಲೇ ಎಂದು ಒಳಗೆ ಯಾರೋ ಕೇಳಿದ ಹಾಗಾಯಿತು. ಯಾರೂ ಕೇಳಿರಲಿಲ್ಲ, ನಮ್ಮವರು ಕೂಡ ಕೇಳುತ್ತಿರಲಿಲ್ಲ. ನಮ್ಮ ಕೆಲಸಕ್ಕೆ ನಾವೇ ಕಟ್ಟುವ ಬೆಲೆ ಅಷ್ಟು.

ಮೂರನೆಯದನ್ನು ತಂದೆ. ತರುವ ಮೊದಲು ಅಕ್ಕನ ಮಗ ಹೇಳಿಕೊಟ್ಟ ಹಾಗೆ ದವಡೆ ಮುಚ್ಚಿ ಟ್ಯೂಬ್‌ಲೈಟಿಗೆ ಹಿಡಿದೆ, ನಡುವೆ ಬೆಳಕಿನ ದಾರ ಕಾಣಬಾರದು. ಹತ್ತು ಸಲ ತೆರೆದು ಮುಚ್ಚಿದೆ, ಪ್ರತಿ ಸಲವೂ ಸೊನ್ನೆಗೇ ಬರಬೇಕು. ಸರಿಯುವ ಭಾಗವನ್ನು ಅಲುಗಿಸಿದೆ, ಕುಲುಕಬಾರದು. ಅಂಗಡಿಯವರ ಮುಖದಲ್ಲಿ ಸ್ವಲ್ಪ ಮರ್ಯಾದೆ ಬಂತು. ಇನ್ನೂ ಎರಡು ಸಂಗತಿ ಮನೆಗೆ ಬಂದ ಮೇಲೆ ಕಲಿತೆ. ಇಂಥ ಅಗ್ಗದವು ಆಫ್ ಮಾಡಿದರೂ ಒಳಗೊಳಗೇ ಬ್ಯಾಟರಿ ತಿನ್ನುತ್ತವೆ, ಕೆಲಸ ಮುಗಿದ ಮೇಲೆ ಗುಂಡಿ ಬ್ಯಾಟರಿ ತೆಗೆದಿಡಬೇಕು. ಮತ್ತೆ ನಮ್ಮ ಊರಿನ ಉಪ್ಪುಗಾಳಿ. ಕಾಪುವಿನ ದೀಪಸ್ತಂಭ 1901ರಿಂದ ಬಂಡೆಯ ಮೇಲೆ ಅದೇ ಗಾಳಿಗೆ ಎದೆ ಕೊಟ್ಟು ನಿಂತಿದೆ, ನನ್ನ ಕಿಟಕಿಯ ಚಿಲಕ ಮಾತ್ರ ಎರಡು ವರ್ಷಕ್ಕೆ ಹೋಗುತ್ತದೆ. ‘ಸ್ಟೇನ್‌ಲೆಸ್’ ಎಂದು ಬರೆದಿದ್ದರೂ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಒರೆಸಿ ಇಡುವುದು ಒಳ್ಳೆಯದು.

ಆ ಸಂಜೆ ಮನೆಯಲ್ಲಿ ಅಳೆಯದ ವಸ್ತು ಉಳಿಯಲಿಲ್ಲ. ಹತ್ತು ರೂಪಾಯಿಯ ನಾಣ್ಯ 27 ಮಿಲಿಮೀಟರ್. ನನ್ನ ಬಳೆಯ ಒಳ ಅಳತೆ 60.3. ಜನ್ಮವಿಡೀ ಬಳೆಗಾರರಿಗೆ ‘ಎರಡು-ಆರು’ ಎಂದು ಹೇಳುತ್ತ ಬಂದವಳಿಗೆ ಅದರ ಅರ್ಥ ಆ ದಿನ ಗೊತ್ತಾಯಿತು. ಎರಡು ಇಂಚು, ಮತ್ತೆ ಇಂಚಿನ ಹದಿನಾರು ಪಾಲಿನಲ್ಲಿ ಆರು ಪಾಲು. ಎರಡು-ನಾಲ್ಕಾದರೆ 57.15. ಮೂರೇ ಮಿಲಿಮೀಟರಿನ ವ್ಯತ್ಯಾಸಕ್ಕೆ ಮದುವೆಯ ಹಿಂದಿನ ದಿನ ಎಷ್ಟು ಕೈಗಳು ರಕ್ತವಾಗಿಲ್ಲ! ಇಂಚಿನ ಮೈಯೂ ಎಲ್ಲ ಕಡೆ ಒಂದೇ ಆಗಿರಲಿಲ್ಲವಂತೆ. ಇಂಗ್ಲಿಷ್ ಮಾತಾಡುವ ದೇಶಗಳು ಕೂತು ಮಾತಾಡಿ 1959ರಿಂದ ಸರಿಯಾಗಿ 25.4 ಮಿಲಿಮೀಟರ್ ಎಂದು ಒಪ್ಪಿಕೊಂಡವು.

ಮರುದಿನ ಹಿಟ್ಟಿನಕ್ಕನ ಮನೆಗೆ ಹೋದೆ. ಪುಲ್ಲಿಯ ತೂತಿಗೆ ಕ್ಯಾಲಿಪರಿನ ಒಳ ದವಡೆ ಹಾಕಿ ನೋಡಿದೆ. 16.01. ಇನ್ನೊಮ್ಮೆ ನೋಡಿದೆ, ಅಷ್ಟೇ. ಶಾಫ್ಟಿನ ಕೆರೆಯದ ಭಾಗವನ್ನು ಹಿಡಿದೆ. 15.88.

ಹಾಗೇ ಸ್ವಲ್ಪ ಹೊತ್ತು ಕೂತಿದ್ದೆ. ಇಂಚಿನ ಗುಂಡಿ ಒತ್ತಿದೆ, 0.625 ಎಂದು ತೋರಿಸಿತು. ಇಂಚಿನ ಎಂಟು ಪಾಲಿನಲ್ಲಿ ಐದು. ಅಪ್ಪ ‘ಐದು ನೂಲು’ ಅನ್ನುತ್ತಿದ್ದದ್ದು ಇದೇ. ಹಳೆಯ ಕಾಲದ ಮೋಟಾರು, ಇಂಚಿನ ಲೆಕ್ಕದಲ್ಲಿ ಮಾಡಿದ್ದು. ಅಪ್ಪನ ಅಂಗಡಿಯಲ್ಲಿ ಬೆಳೆದವಳಿಗೆ ಇದು ಹೊಳೆಯಬೇಕಿತ್ತು. ಲೇತಿನವರು ನಾನು ಹೇಳಿದ್ದನ್ನು ಹೇಳಿದ ಹಾಗೆಯೇ, ಕೂದಲೆಳೆ ವ್ಯತ್ಯಾಸವಿಲ್ಲದೆ ಮಾಡಿಕೊಟ್ಟಿದ್ದರು. ಆ 0.12 ಮಿಲಿಮೀಟರ್ ನನ್ನದು.

ನಾನು ಸುಳ್ಳು ಹೇಳಿದೆನೇ? ಗೊತ್ತಿದ್ದೂ ಇಲ್ಲದ್ದನ್ನು ಹೇಳಿದರೆ ಸುಳ್ಳು. ನನಗೆ ಗೊತ್ತಿರಲಿಲ್ಲ. ಈ ವಾದವನ್ನು ನನ್ನೊಳಗೇ ಒಂದು ವಾರ ನಡೆಸಿದೆ, ಒಳ್ಳೆಯ ವಕೀಲೆಯ ಹಾಗೆ. ಆದರೆ ಒಂದು ಗೊತ್ತಿತ್ತು. ಗೊತ್ತಿಲ್ಲ ಎನ್ನುವುದು ಗೊತ್ತಿತ್ತು. ಮಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಸಣ್ಣ ಗೆರೆ ಒಂದು ಮಿಲಿಮೀಟರಿನದು. ಅದರಲ್ಲಿ ಅರ್ಧವನ್ನು ಕಣ್ಣು ಹೇಳೀತು, ಅದಕ್ಕಿಂತ ಕೆಳಗೆ ಅದಕ್ಕೆ ಮಾತಿಲ್ಲ. ಆ ಪಟ್ಟಿ ನನಗೆ ಹೇಳಿದ್ದು “ಹದಿನೈದೂವರೆಗೂ ಹದಿನಾರೂವರೆಗೂ ನಡುವೆ ಎಲ್ಲೋ” ಎಂದು. ಅಂಗಡಿಯಲ್ಲಿ ಅದನ್ನು ನಾನು “ಹದಿನಾರೇ” ಮಾಡಿದೆ.

ಕಣ್ಣಂದಾಜನ್ನು ನಾನು ಹೀಗಳೆಯುವುದಿಲ್ಲ. ಅದರ ಮೇಲೆ ನಮ್ಮ ಸಂಸಾರಗಳೇ ನಿಂತಿವೆ. ಉಪ್ಪು ಅಳೆದು ಹಾಕಿದ ಅಮ್ಮನನ್ನು ನಾನು ಕಂಡಿಲ್ಲ. ಕುಚ್ಚಲಕ್ಕಿಗೆ ನೀರು ಬೆರಳಿನ ಗೆಣ್ಣಿನ ಲೆಕ್ಕ. ಬಳೆಗಾರ ಕೈ ಒತ್ತಿ ನೋಡಿಯೇ ಅಳತೆ ಹೇಳುತ್ತಾನೆ. ಆದರೆ ಅಡುಗೆಯ ಅಂದಾಜು ತಪ್ಪಿದರೆ ಅದೇ ಕೈ ತಿದ್ದುತ್ತದೆ, ಅದೇ ಬಾಯಿ ಉಣ್ಣುತ್ತದೆ. ಬಳೆ ಒಡೆದರೆ ನಷ್ಟ ಬಳೆಗಾರನದು. ನನ್ನ ಅಂದಾಜು ಹಾಗಲ್ಲ, ಅಂದಾಜು ಎಂಬ ಹೆಸರು ಬಿಟ್ಟು ಅಳತೆ ಎಂಬ ಹೆಸರಿನಲ್ಲಿ ಇನ್ನೊಬ್ಬರ ಕೈಗೆ ಹೋಯಿತು, ಮೂರನೆಯವಳ ಅಷ್ಟಮಿಯನ್ನು ತಿಂದಿತು. ಅಗ್ಗ, ದುಬಾರಿ ಎಂದು ನಾಲ್ಕು ಕ್ಯಾಲಿಪರುಗಳ ಮುಂದೆ ನಿಂತು ಅಷ್ಟು ಯೋಚಿಸಿದೆನಲ್ಲ, ಎಲ್ಲಕ್ಕಿಂತ ಅಗ್ಗದ್ದು ಮಗಳ ಪಟ್ಟಿಯೇ ಆಗಿತ್ತು. ಅದರ ಉಳಿದ ಬೆಲೆಯನ್ನು ಹಿಟ್ಟಿನಕ್ಕ ಕೊಟ್ಟಳು.

ಅಜ್ಜಿಯ ನೆನಪಾಯಿತು. ಒಕ್ಕಲಿನ ಮನೆಯವಳು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂದು ನಮಗೆ ಬಾಯಿಪಾಠ ಮಾಡಿಸಿ, ಕೊನೆಗೆ ಒಂದು ಮಾತು ಸೇರಿಸುತ್ತಿದ್ದಳು. ಗೇಣಿ ಅಳೆದುಕೊಳ್ಳುವ ಕಳಸೆ ಬೇರೆ, ಸಾಲ ಅಳೆದು ಕೊಡುವ ಕಳಸೆ ಬೇರೆ ಎಂದು. ಕಾಲಕ್ರಮದಲ್ಲಿ ಎರಡೂ ಹೋದವು. ಮೆಟ್ರಿಕ್ ಅಳತೆಯ ಕಾನೂನು 1956ರಲ್ಲಿ ಬಂತು, ಕಿಲೋ ಕಲ್ಲುಗಳು 1958ರಿಂದ ಹಂತಹಂತವಾಗಿ ಅಂಗಡಿಗೆ ಬಂದವು. 1974ರ ಭೂಸುಧಾರಣೆಯಲ್ಲಿ ಗೇಣಿಯೇ ಹೋಯಿತು. ಆ ಧಣಿಗಳನ್ನು ನಾನು ಮನಸ್ಸಿನಲ್ಲೇ ಎಷ್ಟು ಬೈದಿದ್ದೇನೋ. ಅಳತೆಯ ತಪ್ಪನ್ನು ತನಗಿಂತ ಸಣ್ಣವರ ಮೇಲೆ ಹಾಕುವುದು ಅವರಿಗೆ ಮಾತ್ರ ಬರುವ ವಿದ್ಯೆ ಎಂದುಕೊಂಡಿದ್ದೆ.

ಚಿಕ್ಕತ್ತೆಯ ನೆನಪೂ ಆಯಿತು. ಶಂಕರಪುರದ ಕಡೆಯವರು, ಮಲ್ಲಿಗೆ ಕಟ್ಟುವವರು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎಂಟುನೂರು ಮೊಗ್ಗನ್ನು ಯಾವ ಗಿರಾಕಿ ಎಣಿಸಿ ನೋಡುತ್ತಾಳೆ? ಇಪ್ಪತ್ತು ಕಡಿಮೆಯಾದರೆ ದೇವರಿಗೂ ಗೊತ್ತಾಗದು. ಅವರು ಬಾಳೆನಾರಿನಲ್ಲಿ ಕಟ್ಟುತ್ತ ನಡುವೆ ನಮ್ಮೊಡನೆ ಮಾತಾಡುತ್ತಿದ್ದರು. ಲೆಕ್ಕ ತಪ್ಪಿತೆಂದು ಅನುಮಾನ ಬಂದರೆ ಮಾತು ನಿಲ್ಲಿಸಿ ಹಿಂದಕ್ಕೆ ಎಣಿಸಿಕೊಂಡು ಹೋಗುತ್ತಿದ್ದರು. ನಮಗೆ ಆಗ ಬೇಸರ ಬರುತ್ತಿತ್ತು, ಕತೆ ಅರ್ಧಕ್ಕೆ ನಿಂತಿತಲ್ಲ ಎಂದು.

ಹಿಟ್ಟಿನಕ್ಕನಿಗೆ ಹೇಳಿದೆ. “ಅಳತೆ ತಪ್ಪಿದ್ದು ನಾನು, ಅವರಲ್ಲ.” ಅವಳು ಪಾತ್ರೆ ತೊಳೆಯುತ್ತಿದ್ದಳು. ತಲೆ ಎತ್ತದೆ, “ನನಗೆ ಆವತ್ತೇ ಹಾಗೆ ಕಂಡಿತ್ತು ಅಕ್ಕ, ನೀವು ಆ ಪಟ್ಟಿ ಹಿಡಿದದ್ದು ನೋಡಿ,” ಎಂದಳು. ಮತ್ತೆ ಯಾಕೆ ತಮ್ಮನಿಗೆ ಹಾಗೆ ಹೇಳಿದೆ ಎಂದರೆ, “ನೀವು ಓದಿದವರು ಅಷ್ಟು ಗಟ್ಟಿ ಹೇಳಿದ ಮೇಲೆ ನಾನು ಎಂತ ಹೇಳುವುದು?”

ಲೇತ್ ಅಂಗಡಿಗೆ ಹೋಗಲು ಇನ್ನೂ ನಾಲ್ಕು ದಿನ ಬೇಕಾಯಿತು. ಕ್ಯಾಲಿಪರನ್ನೂ ತೆಗೆದುಕೊಂಡು ಹೋದೆ. ಯಾಕೋ ಗೊತ್ತಿಲ್ಲ, ಬಹುಶಃ ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ. ಎಲ್ಲ ಹೇಳಿದೆ. ಹಿಟ್ಟಿನಕ್ಕನ ತಮ್ಮನ ಸಂಗತಿಯನ್ನೂ ಹೇಳಿದೆ. ಆ ಹುಡುಗ ಅಲ್ಲೇ ಇದ್ದ, ನಗಲಿಲ್ಲ. ಅವರು ಮೆಷಿನ್ ನಿಲ್ಲಿಸಿ ಕೈ ಒರೆಸಿಕೊಂಡರು. “ಹಳೇ ಮೋಟಾರು ಅಂದಾಗ ಐದು ನೂಲು ಇರಬಹುದು ಅಂತ ನನಗೂ ತಲೆಗೆ ಬಂದಿತ್ತು. ನೀವು ಹದಿನಾರೇ ಅಂದಿರಲ್ಲ, ಮತ್ತೆ ಕೇಳಿದರೆ ನಿಮ್ಮನ್ನು ನಂಬಲಿಲ್ಲ ಅಂತ ಬೇಸರ ಮಾಡಿಕೊಂಡೀರಿ ಅಂತ ಸುಮ್ಮನಾದೆ.”

ಅಂದರೆ ಅಲ್ಲಿ ಇಬ್ಬರಿಗೆ ಸತ್ಯ ಗೊತ್ತಿತ್ತು, ಅಥವಾ ಗೊತ್ತಾಗುವುದರಲ್ಲಿತ್ತು. ಇಬ್ಬರ ಬಾಯಿಯನ್ನೂ ನನ್ನ ‘ಹದಿನಾರೇ’ ಮುಚ್ಚಿಸಿತ್ತು. ಇದು ನನಗೆ ಪುಲ್ಲಿಗಿಂತ ದೊಡ್ಡ ನಷ್ಟವಾಗಿ ಕಂಡಿತು, ಈಗಲೂ ಕಾಣುತ್ತದೆ.

ಅವರು ಕ್ಯಾಲಿಪರ್ ನೋಡಲು ಕೇಳಿದರು. ಒಂದು ಹೊಸ ಬೇರಿಂಗನ್ನು ಕಾಗದದಿಂದ ಬಿಡಿಸಿದರು, 6202 ಎಂಬ ನಂಬರಿನದು. ಮೋಟಾರುಗಳಲ್ಲಿ, ದ್ವಿಚಕ್ರ ವಾಹನಗಳಲ್ಲಿ ಎಲ್ಲ ಕಡೆ ಇರುವಂಥದು, ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಅದರ ಹೊರ ಅಳತೆ 35 ಮಿಲಿಮೀಟರ್. ಬೇರಿಂಗ್ ಮಾಡುವವರು ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು ಕಡಿಮೆ ಬಿಟ್ಟಾರು, ಅದಕ್ಕಿಂತ ಹೆಚ್ಚು ಬಿಡುವುದಿಲ್ಲ. 35ಕ್ಕೆ ಮೇಲಂತೂ ಹೋಗುವುದೇ ಇಲ್ಲ. ನನ್ನ ಕ್ಯಾಲಿಪರ್ 35.02 ಎಂದಿತು. ಐದು ಸಲ ಹಿಡಿದರು, ಐದು ಸಲವೂ 35.02. ಸಣ್ಣ ಬೇರಿಂಗ್ ತಂದರು, 22 ಮಿಲಿಮೀಟರಿನದು. 22.02. “ಎರಡು ಹೆಚ್ಚು ಹೇಳುತ್ತದೆ,” ಎಂದರು, “ಆದರೆ ಯಾವಾಗಲೂ ಅಷ್ಟೇ ಹೇಳುತ್ತದೆ. ತೊಂದರೆ ಇಲ್ಲ, ಇಟ್ಟುಕೊಳ್ಳಿ. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಹೇಳುವುದಾದರೆ ಬಿಸಾಡಿ ಅನ್ನುತ್ತಿದ್ದೆ.”

ಆಗ ಡಬ್ಬಿಯೊಳಗಿನ ಕಾಗದವನ್ನು ಬಿಡಿಸಿ ಓದಿದೆ. ಸಾಸಿವೆಯಷ್ಟು ಅಕ್ಷರದಲ್ಲಿ ಬರೆದಿತ್ತು, 0.03 ಮಿಲಿಮೀಟರಿನ ತನಕ ಹೆಚ್ಚುಕಡಿಮೆ ಇರಬಹುದೆಂದು. ಪರದೆಯ ಮೇಲೆ ಮಾತ್ರ 0.01ರ ತನಕ ದೊಡ್ಡ ಅಂಕಿ. ತನಗೆ ಗೊತ್ತಿರುವುದಕ್ಕಿಂತ ಒಂದು ಅಂಕಿ ಹೆಚ್ಚು ಹೇಳುವ ಚಟ ಅದಕ್ಕೂ ಉಂಟು. ನಾನು ಅದನ್ನು ಆರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಲೋಕದ ಅಳತೆಗಳೆಲ್ಲ 20 ಡಿಗ್ರಿ ಉಷ್ಣತೆಯಲ್ಲಿ ಎಂದು ಒಪ್ಪಂದವಂತೆ, ಕಬ್ಬಿಣ ಬಿಸಿಗೆ ಹಿಗ್ಗುತ್ತದಲ್ಲ. ನಮ್ಮ ಕಾಪುವಿನ ಕಬ್ಬಿಣ ವರ್ಷದಲ್ಲಿ ಹೆಚ್ಚಿನ ದಿನ ಕಾಣುವುದು ಮೂವತ್ತರ ಆಸುಪಾಸು. ಪುಲ್ಲಿಯಂಥ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ ಎಂದರು ಅವರು, ನಾನು ಕೇಳಿದ್ದಕ್ಕೆ ನಕ್ಕು.

ಮರುದಿನ ಮೋಟಾರನ್ನೇ ಆಟೋದಲ್ಲಿ ಹಾಕಿಕೊಂಡು ಹೋದೆವು, ನಾನೂ ಹಿಟ್ಟಿನಕ್ಕನೂ. ಅವರು ನನ್ನ ಅಂಕಿಯನ್ನೂ ನಂಬಲಿಲ್ಲ, ತಮ್ಮದನ್ನೂ ನಂಬಲಿಲ್ಲ. ಕೆರೆದ ಶಾಫ್ಟನ್ನು ನಯ ಮಾಡಿ, ಪುಲ್ಲಿಯನ್ನು ಸ್ವಲ್ಪ ಸ್ವಲ್ಪ ಕೊರೆದು, ಪ್ರತಿ ಸಲ ಹಾಕಿ ನೋಡಿ ಕೂರಿಸಿದರು. ಅದು ಬೆಣ್ಣೆಯ ಹಾಗೆ ಹೋಗಲಿಲ್ಲ. ಅಂಗೈಯಲ್ಲಿ ಒತ್ತಿದಾಗ ಉಸಿರು ಹಿಡಿದ ಹಾಗೆ ಮೆಲ್ಲಗೆ ಹೋಯಿತು. ಹಣ ನಾನು ಕೊಟ್ಟೆ. ಹಿಟ್ಟಿನಕ್ಕ ಬೇಡವೆಂದು ಹೇಳಲಿಲ್ಲ, ಅದು ನನಗೆ ಒಳ್ಳೆಯದಾಯಿತು.

ಅವಳ ತಮ್ಮನ ಮನೆಗೂ ಹೋಗಿ ಹೇಳಿ ಬಂದೆ. ಚಾ ಕೊಟ್ಟರು, ಮರ್ಯಾದೆ ಮಾಡಿದರು. “ಹೌದಾ ಅಕ್ಕ, ಹಾಗಾ? ಈಗ ಮಲ್ಪೆಯಲ್ಲೇ ಮಾಡಿಸಿ ಅಭ್ಯಾಸ ಆಗಿದೆ,” ಎಂದ. ಅವನು ಆ ಅಂಗಡಿಗೆ ಇವತ್ತಿನ ತನಕ ಹೋಗಿಲ್ಲ. ಹೆದ್ದಾರಿಯಲ್ಲಿ ಬಸ್ಸು ಆ ಅಂಗಡಿಯ ಮುಂದೆ ಹೋಗುವಾಗ ನಾನು ಕಿಟಕಿಯಿಂದ ನೋಡುತ್ತೇನೆ, ಬಾಗಿಲಲ್ಲಿ ಬೋಟಿನ ಸಾಮಾನು ಏನಾದರೂ ಇಳಿದಿದೆಯೋ ಎಂದು.

ಕ್ಯಾಲಿಪರಿನ ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ, ‘ಎರಡು ಹೆಚ್ಚು ಹೇಳುತ್ತದೆ’ ಎಂದು. ಮೊನ್ನೆ ನಮ್ಮವರು ಹಟ್ಟಿಗೆ ಬಂದವರು ಅದನ್ನು ಓದಿ, “ಇದು ಯಾರ ಬಗ್ಗೆ?” ಎಂದರು. ನಾನು ಬ್ಯಾಟರಿ ತೆಗೆಯುತ್ತಿದ್ದೆ, ಉತ್ತರ ಕೊಡಲಿಲ್ಲ.